ಸದ್ದಿಲ್ಲದ ಮೂಲೆಯನ್ನು ಬೇಟೆಗೆ ತೆರೆದವರಿಗೆ

ಪ್ರಾದೇಶಿಕ ಬೇಟೆ ಪರವಾನಗಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ಆಗಸ್ಟ್ ಇಪ್ಪತ್ತರಂದು ನಿಮ್ಮ ಪರವಾನಗಿ ಹಿಡಿದು ಬಂದವನೊಬ್ಬನ ಬಂದೂಕಿನ ಚರೆ ನನ್ನ ತಮ್ಮ ಆರ್ಮಾಸ್‌ನ ಎಡಗಣ್ಣನ್ನು ತೆಗೆಯಿತು. ಕಳೆದ ವಾರ ನಿಮ್ಮ ಕಚೇರಿ ಆರ್ಮಾಸ್‌ನ ಬೇಟೆ ಕಾರ್ಡನ್ನೇ ತೆಗೆದುಕೊಂಡಿತು. ಕಣ್ಣು ಹೋದದ್ದಕ್ಕೆ ವಿಷಾದ, ಕಾರ್ಡು ಹೋದದ್ದಕ್ಕೆ ಕಾರಣ, ಎರಡನ್ನೂ ಒಂದೇ ಪ್ಯಾರಾದಲ್ಲಿ ಮುಗಿಸಿದ್ದೀರಿ. ಅಷ್ಟು ಚಿಕ್ಕದಾಗಿ ಬರೆಯುವ ಕಲೆ ನನಗೆ ಬಾರದು. ಹಾಗಾಗಿ ಈ ಪತ್ರ ಉದ್ದವಾಗುತ್ತದೆ. ನಿಮಗೆ ನೇರವಾಗಿ ಇಮೇಲ್ ಬರೆದಾಗಲೆಲ್ಲ ಯಂತ್ರವೊಂದು ನನಗೆ ಧನ್ಯವಾದ ಹೇಳಿ ಸುಮ್ಮನಾಗುತ್ತಿದೆ. ಅದಕ್ಕೆ ಈ ಸಲ ಊರಿಗೆಲ್ಲ ಕೇಳುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಅನುಮಾನ ನಿವಾರಿಸಿಬಿಡುತ್ತೇನೆ. ನನ್ನನ್ನು ದಡದಲ್ಲಿ ಕೂತು ಹಕ್ಕಿಗಳಿಗೆ ಬ್ರೆಡ್ಡಿನ ಚೂರು ಹಾಕಿ ಕಣ್ಣೊರೆಸಿಕೊಳ್ಳುವ ಹೆಂಗಸೆಂದು ತಿಳಿಯಬೇಡಿ. ನಾನು ಕೊಲ್ಲುವವಳು. ಮದುವೆಗೆ ಮುಂಚೆಯೇ ಬಂದೂಕು ಹಿಡಿದವಳು, ಗಂಡ ತೀರಿಕೊಂಡ ಮೇಲೂ ಬಿಟ್ಟವಳಲ್ಲ. ಚರೆ ತಾಗಿಯೂ ಸಾಯದ ಬಾತಿನ ಕತ್ತನ್ನು ಎರಡು ಬೆರಳ ನಡುವೆ ಹಿಡಿದು ಒಮ್ಮೆಲೇ ಎಳೆದು ತಿರುಚಿದರೆ, ಒಳಗೆ ಮೂಳೆ ಕಳಚಿಕೊಳ್ಳುವುದು ಬೆರಳಿಗೆ ತಿಳಿಯುತ್ತದೆ. ಆಮೇಲೂ ರೆಕ್ಕೆ ಸ್ವಲ್ಪ ಹೊತ್ತು ಮೊಣಕೈಗೆ ಬಡಿಯುತ್ತಿರುತ್ತದೆ. ಅದು ನಿಲ್ಲುವವರೆಗೆ ಬಿಡಬಾರದು, ಬೇರೆ ಕಡೆ ನೋಡಲೂಬಾರದು. ಇದನ್ನು ಮಾಡಲಾಗದವರು ಬಂದೂಕು ಮುಟ್ಟಕೂಡದು ಎಂದು ನಮ್ಮಪ್ಪ ನನಗೂ ಆರ್ಮಾಸ್‌ಗೂ ಕಲಿಸಿದ. ರಾತ್ರಿ ಅದೇ ಬಾತನ್ನು ಬೆಣ್ಣೆಯಲ್ಲಿ ಹುರಿದು, ಕಾಡಿನ ಹುಳಿಹಣ್ಣಿನ ಗೊಜ್ಜಿನ ಜೊತೆ ಬಡಿಸುತ್ತಿದ್ದವನೂ ಅವನೇ. ನಾವು ಸಾಧುಗಳಲ್ಲ, ಸ್ವಾಮಿ. ನಮಗೆ ಮಾಂಸವೂ ಇಷ್ಟ, ಬೇಟೆಯೂ ಇಷ್ಟ.

ಇಷ್ಟವಿರುವುದರಿಂದಲೇ ಕೈಸ್ಲಾ ಸರೋವರದ ಸುತ್ತಲಿನ ನಮ್ಮಂಥವರಿಗೆ ಕೆಲವು ಕಟ್ಟುಪಾಡುಗಳಿವೆ. ನಾಯಿ ಇಲ್ಲದವನು ಬಂದೂಕು ತರುವಂತಿಲ್ಲ, ಏಕೆಂದರೆ ಜೊಂಡಿನೊಳಗೆ ಬಿದ್ದ ಹಕ್ಕಿ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ. ಹಾರಿಬರುವ ಬಾತಿನ ಕಾಲಿನ ಬಣ್ಣ ಕಾಣುವಷ್ಟು ಹತ್ತಿರವಾಗುವವರೆಗೆ ಹೊಡೆಯುವಂತಿಲ್ಲ. ಒಂದು ಬಿದ್ದರೆ ಅದನ್ನು ಎತ್ತಿ ತರುವ ತನಕ ಇನ್ನೊಂದಕ್ಕೆ ಗುರಿಯಿಡುವಂತಿಲ್ಲ. ನೀರಿನ ಮೇಲೆ ಈಜುವ ಹಕ್ಕಿಗೆ ಅಡ್ಡಲಾಗಿ ಹೊಡೆಯುವುದಂತೂ ಇಲ್ಲವೇ ಇಲ್ಲ. ಸೀಸದ ಚರೆ ನೀರಿಗೆ ವಿಷವೆಂದು ನೀವೇ ನಿಷೇಧಿಸಿದಿರಿ, ಒಳ್ಳೆಯದೇ ಮಾಡಿದಿರಿ. ಆದರೆ ಈಗಿನ ಉಕ್ಕಿನ ಚರೆ ನೀರಿಗೆ ಓರೆಯಾಗಿ ತಾಗಿದರೆ ಪುಟಿದು ಎಲ್ಲಿಗೆ ಹೋಗುತ್ತದೆಂದು ಹೊಡೆದವನಿಗೂ ತಿಳಿಯದು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಸರೋವರದ ಬಡಗಣ ಮೂಲೆಯದು. ಅದನ್ನು ನಾವು ಸದ್ದಿಲ್ಲದ ಮೂಲೆ ಎನ್ನುತ್ತೇವೆ. ನಮ್ಮಪ್ಪನ ಕಾಲದಲ್ಲಿ ಹೊಡೆದೂ ಹೊಡೆದೂ ಒಂದು ಶರತ್ಕಾಲ ಸರೋವರವೇ ಬರಿದಾಯಿತಂತೆ. ಆಗ ಹಿರಿಯರು ಸೇರಿ ಆ ಮೂಲೆಯಲ್ಲಿ ಯಾರೂ ಎಂದಿಗೂ ಗುಂಡು ಹಾರಿಸಬಾರದೆಂದು ಮಾತಾಡಿಕೊಂಡರು. ಅಂದಿನಿಂದ ಯಾರೂ ಹಾರಿಸಿಲ್ಲ. ಗಾಯಗೊಂಡ ಹಕ್ಕಿ ಅದರೊಳಗೆ ಈಜಿಕೊಂಡು ಹೋದರೆ, ಬಂದೂಕನ್ನು ದಡದಲ್ಲಿಟ್ಟು, ಬರಿಗೈಯಲ್ಲಿ ದೋಣಿ ನೂಕಿಕೊಂಡು ಹೋಗಿ, ಕೈಯಿಂದಲೇ ಅದರ ನೋವು ಮುಗಿಸಿ ಬರಬೇಕು. ಆ ಕೆಲಸವನ್ನು ಎಷ್ಟೋ ವರ್ಷಗಳಿಂದ ಆರ್ಮಾಸ್ ಮಾಡುತ್ತಿದ್ದ. ಅವನ ಹಳೆಯ ಬೂದು ದೋಣಿ ಪಕ್ಕದಲ್ಲೇ ಹಾದರೂ ಬಾತುಗಳು ಹಾರದೆ ಸ್ವಲ್ಪ ಸರಿದು ದಾರಿ ಬಿಡುತ್ತಿದ್ದವು. ಹಕ್ಕಿಗಳು ದಡ್ಡವಲ್ಲ, ಬೇಗ ಕಲಿತವು. ಋತುವಿನ ಮೊದಲ ಗುಂಡು ಕೇಳಿದ್ದೇ ತಡ, ಸರೋವರದ ಬಾತುಗಳೆಲ್ಲ ಎದ್ದು ನೇರ ಆ ಮೂಲೆಗೆ ಹೋಗಿ ಇಳಿಯುತ್ತಿದ್ದವು. ತಾಯಿಬಾತುಗಳು ಮರಿಗಳಿಗೆ ತೋರಿಸಿದವು, ಮರಿಗಳು ತಮ್ಮ ಮರಿಗಳಿಗೆ ತೋರಿಸಿದವು. ನಮಗೆ ಬೇಕಾದಷ್ಟು ಸಿಗುತ್ತಿತ್ತು, ಅವುಗಳಿಗೆ ಉಳಿಯುವಷ್ಟು ಉಳಿಯುತ್ತಿತ್ತು.

ನಿಮ್ಮ ಕಚೇರಿಗೆ ಕಳೆದ ವಸಂತದಲ್ಲಿ ಜ್ಞಾನೋದಯವಾಯಿತು. ಆ ಮೂಲೆ ಸರ್ಕಾರಿ ನೀರೆಂದೂ, ಅಲ್ಲಿ ಯಾರೂ ಬೇಟೆಯಾಡುತ್ತಿಲ್ಲವೆಂದೂ, ಆದ್ದರಿಂದ ಅದು ‘ಬಳಕೆಯಾಗದ ಬೇಟೆ ಸಂಪನ್ಮೂಲ’ವೆಂದೂ ಪತ್ತೆ ಹಚ್ಚಿದಿರಿ. ಎಂಥ ಸೂಕ್ಷ್ಮ ದೃಷ್ಟಿ! ಹೆರಿಗೆ ಆಸ್ಪತ್ರೆಯ ಮೇಲೆ ಯಾರೂ ಬಾಂಬು ಹಾಕುತ್ತಿಲ್ಲವೆಂದು ಅದನ್ನು ಬಳಕೆಯಾಗದ ಯುದ್ಧಭೂಮಿ ಎನ್ನುತ್ತೀರಾ? ದಿನದ ಪರವಾನಗಿ ಮಾರಲು ಶುರು ಮಾಡಿದಿರಿ. ಜಾಹೀರಾತಿನಲ್ಲಿ ‘ಹೇರಳ ಬಾತು, ಹೊಸ ತಾಣ’ ಎಂದು ಬರೆಸಿದಿರಿ. ಆರ್ಮಾಸ್ ಕೂಡಲೇ ನಿಮ್ಮ ಕಚೇರಿಗೆ ಫೋನ್ ಮಾಡಿದ. ಅಡುಗೆಮನೆಯಲ್ಲಿ ನಾನು ಪಕ್ಕದಲ್ಲೇ ಕೂತಿದ್ದೆ, ಸ್ಪೀಕರ್ ಹಾಕಿದ್ದ.

“ಅಲ್ಲಿ ನಾವ್ಯಾರೂ ಹೊಡೆಯಲ್ಲ ಸ್ವಾಮಿ. ಹಕ್ಕಿಗಳಿಗೆ ಅಂತ ಬಿಟ್ಟಿರೋ ಜಾಗ ಅದು” ಎಂದ.

“ಬಿಟ್ಟೋರು ಯಾರು?” ಎಂದರು ನಿಮ್ಮವರು.

“ಊರಿನೋರು.”

“ಊರಿನೋರದ್ದಲ್ವಲ್ಲ ಆ ನೀರು. ಸರ್ಕಾರದ್ದು.”

“ನೀರು ಸರ್ಕಾರದ್ದೇ, ಯಾರು ಇಲ್ಲ ಅಂದ್ರು? ಆದ್ರೆ ಹಕ್ಕಿ ಅಲ್ಲಿಗೆ ಬರೋದು ನಮ್ಮನ್ನ ನಂಬ್ಕೊಂಡು.”

“ಹೌದಾ? ಹಕ್ಕಿಗಳ ಹತ್ರ ಕರಾರು ಮಾಡ್ಕೊಂಡಿದ್ದೀರೇನು?” ಎಂದು ಆ ಕಡೆಯವರು ನಕ್ಕರು. ಅವರ ಪಕ್ಕದಲ್ಲಿದ್ದ ಇನ್ನೊಬ್ಬರೂ ನಕ್ಕದ್ದು ಕೇಳಿಸಿತು. ಆರ್ಮಾಸ್ ಫೋನ್ ಇಟ್ಟು, ಆರಿಹೋಗಿದ್ದ ಕಾಫಿಯನ್ನು ಸಿಂಕಿಗೆ ಸುರಿದ.

ಆಗಸ್ಟ್ ಇಪ್ಪತ್ತು ನಮ್ಮಲ್ಲಿ ಹಬ್ಬವೇ. ಮಧ್ಯಾಹ್ನ ಹನ್ನೆರಡಕ್ಕೆ ಬಾತಿನ ಬೇಟೆ ಶುರುವಾಗುತ್ತದೆ. ಬೆಳಿಗ್ಗೆಯಿಂದಲೇ ದಡದಲ್ಲಿ ಬೆಂಕಿ ಹಾಕಿ, ಸಾಸೇಜು ಸುಟ್ಟುಕೊಂಡು, ಕಾಫಿ ಕುಡಿಯುತ್ತಾ ಕಾಯುತ್ತೇವೆ. ಅಲ್ಲಿಗೆ ದಕ್ಷಿಣದಿಂದ ನಿಮ್ಮ ಪರವಾನಗಿಯ ನಾಲ್ವರು ಬಂದರು. ಮೈತುಂಬ ಎಲೆಯ ಚಿತ್ರವಿರುವ ಹೊಸ ಬಟ್ಟೆ. ಅವರಲ್ಲಿ ಸಮುಲಿ ಎಂಬ ದಪ್ಪನೆಯ ಹುಡುಗ ಬಾಯಿತುಂಬ ನಗುವವನು, ಕೆಟ್ಟವನಲ್ಲ. ನಾನೇ ಅವನಿಗೆ ಕಾಫಿ ಕೊಟ್ಟೆ.

“ಏನಜ್ಜೀ, ನೀವೂ ಹೊಡೀತೀರಾ?” ಎಂದ.

“ಹೊಡೀತೀನಪ್ಪಾ. ನಿನ್ ನಾಯಿ ಎಲ್ಲಿ?”

“ನಾಯಿ ಯಾಕಜ್ಜಿ? ಬಿದ್ದಿದ್ದನ್ನ ಎತ್ಕೊಳ್ಳೋಕೆ ಕೈ ಇಲ್ವಾ?”

“ಜೊಂಡಲ್ಲಿ ಬಿದ್ರೆ?”

“ಹೋದ್ರೆ ಹೋಗ್ಲಿ ಬಿಡಿ, ಇನ್ನೊಂದು ಹೊಡೆದ್ರಾಯ್ತು!” ಅವನ ಜೊತೆಗಾರರು ನಕ್ಕರು. ನಮ್ಮವರು ಯಾರೂ ನಗಲಿಲ್ಲ.

ಆರ್ಮಾಸ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವನು ಟೋಪಿ ತೆಗೆಯುವುದು ಚರ್ಚಿನಲ್ಲಿ ಮಾತ್ರ. “ಮಕ್ಳಾ, ಆ ಬಡಗಣ ಮೂಲೇಲಿ ಹೊಡೀಬೇಡ್ರೋ. ನಮ್ ಪಕ್ಕದಲ್ಲೇ ಒಳ್ಳೇ ಜಾಗ ಬಿಟ್ಕೊಡ್ತೀವಿ, ನಾಯೀನೂ ಕೊಡ್ತೀವಿ. ಅಲ್ಲಿ ಮಾತ್ರ ಬೇಡ.”

ಸಮುಲಿ ತನ್ನ ಫೋನು ತೆಗೆದು ನಿಮ್ಮ ನಕ್ಷೆ ತೋರಿಸಿದ. “ನೋಡಿ ಇಲ್ಲಿ, ಹಸಿರು ಬಣ್ಣ ಇದೆ. ಹಸಿರಿದ್ರೆ ಹೊಡೀಬೋದು ಅಂತ ಅವ್ರೇ ಬರ್ದಿದ್ದಾರಲ್ಲ. ನಾವೇನ್ ಕಳ್ರಾ?”

ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಅವನು ಕಳ್ಳನಲ್ಲ. ಆ ಹಸಿರು ಬಣ್ಣ ಬಳಿದವರು ನೀವು.

ಹನ್ನೆರಡಾಯಿತು. ನಾವು ತೆಂಕಣ ಜೊಂಡಿನಲ್ಲಿ ಎಂದಿನಂತೆ ಶುರು ಮಾಡಿದೆವು. ಬಾತುಗಳು ಮೋಡದಂತೆ ಎದ್ದವು. ಎಂದಿನಂತೆಯೇ ಬಡಗಣಕ್ಕೆ ಹೊರಟವು. ಇಳಿಯುವ ಬಾತನ್ನು ನೀವು ನೋಡಿದ್ದೀರೋ ಇಲ್ಲವೋ ತಿಳಿಯದು. ರೆಕ್ಕೆ ಅಗಲಿಸಿ, ಕಾಲು ಮುಂದೆ ಚಾಚಿ, ಎದೆ ತೆರೆದುಕೊಂಡು, ಗಾಳಿಯಲ್ಲಿ ನಿಂತೇಬಿಟ್ಟಂತೆ ಬರುತ್ತದೆ. ಅದಕ್ಕಿಂತ ಸುಲಭದ ಗುರಿ ಇಲ್ಲ. ಆ ನಾಲ್ಕು ಬಂದೂಕುಗಳು ಅವುಗಳ ಎದೆಗೇ ಹೊಡೆದವು. ತಲೆ ಛಿದ್ರವಾದವು, ರೆಕ್ಕೆ ಬುಡದಿಂದ ಕಿತ್ತು ನೇತಾಡಿದವು, ಕರುಳು ಹೊರಬಂದವು, ಎಲ್ಲ ಒಂದರ ಮೇಲೊಂದು ನೀರಿಗೆ ಬಿದ್ದವು. ಉಳಿದವು ಗಾಬರಿಯಿಂದ ಎದ್ದವು. ಎದ್ದು ಎಲ್ಲಿಗೆ ಹೋದವು ಗೊತ್ತೇ, ಮಾನ್ಯರೇ? ಒಂದು ಸುತ್ತು ಹಾಕಿ ಮತ್ತೆ ಅಲ್ಲಿಗೇ ಬಂದು ಇಳಿದವು. ಗುಂಡು ಹಾರಿದರೆ ಸದ್ದಿಲ್ಲದ ಮೂಲೆಗೆ ಹೋಗಬೇಕು, ಅವುಗಳಿಗೆ ಗೊತ್ತಿದ್ದುದು ಅಷ್ಟೇ. ಮತ್ತೆ ಹೊಡೆದರು, ಮತ್ತೆ ಎದ್ದವು, ಮತ್ತೆ ಅಲ್ಲಿಗೇ ಇಳಿದವು.

“ನಿಲ್ಸ್ರೋ! ನಾವು ಹೊಡೀತಿರೋದಕ್ಕೇ ಅವು ಅಲ್ಲಿಗೆ ಹೋಗ್ತಿರೋದು! ನಿಲ್ಸ್ರೋ!” ಎಂದು ಆರ್ಮಾಸ್ ಕೂಗಿದ. ನಮ್ಮ ಕಡೆಯ ಬಂದೂಕುಗಳು ನಿಂತವು. ಆ ಕಡೆಯವು ನಿಲ್ಲಲಿಲ್ಲ. ಅವರಿಗೆ ಕೇಳಿಸಲೂ ಇಲ್ಲ.

ಆರ್ಮಾಸ್ ತನ್ನ ಬಂದೂಕಿನ ಗುಂಡು ತೆಗೆದು, ಬಂದೂಕನ್ನು ನನ್ನ ದೋಣಿಯಲ್ಲಿಟ್ಟ. ತನ್ನ ಕಿತ್ತಳೆ ಜಾಕೆಟ್ಟನ್ನು ಬಿಚ್ಚಿ ದೋಣಿಯ ಒಂದು ಹುಟ್ಟಿನ ತುದಿಗೆ ಕಟ್ಟಿ ಮೇಲೆತ್ತಿ ಬೀಸುತ್ತಾ, ಕರಿನಾಯಿ ನೋಕಿಯನ್ನು ಕೂರಿಸಿಕೊಂಡು ಮೂಲೆಯೊಳಕ್ಕೆ ಹೋದ. ನಾನು ಬಂದೂಕುಗಳನ್ನು ದಡದಲ್ಲಿಟ್ಟು ಹಿಂದೆಯೇ ಹೋದೆ. ಕೊಕ್ಕಿನ ಕೆಳಭಾಗವೇ ಇಲ್ಲದ ಬಾತೊಂದು ಬಾಯಿ ತೆರೆಯಲು ನೋಡುತ್ತಿತ್ತು. ಒಂದೇ ರೆಕ್ಕೆ ಉಳಿದ ಇನ್ನೊಂದು ಇದ್ದಲ್ಲೇ ಗಿರಗಿರ ಸುತ್ತುತ್ತಿತ್ತು. ತಡವಾಗಿ ಹುಟ್ಟಿ ಇನ್ನೂ ಹಾರಲು ಬಾರದ ಮರಿಗಳು ಸತ್ತ ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿದ್ದವು. ಯಾರೂ ಗುರಿಯಿಡದ ಹಂಸವೊಂದು, ಕತ್ತಿನಿಂದ ರಕ್ತ ಸುರಿಯುತ್ತಾ, ತಲೆ ಎತ್ತುವುದು, ನೀರಿಗೆ ಬೀಳಿಸುವುದು, ಮತ್ತೆ ಎತ್ತುವುದು ಮಾಡುತ್ತಿತ್ತು. ಆರ್ಮಾಸ್ ಒಂದೊಂದನ್ನೇ ಎತ್ತಿಕೊಂಡು ಕತ್ತು ತಿರುಚುತ್ತಾ ಹೋದ. ಹಂಸದ ಕತ್ತಿಗೆ ಎರಡೂ ಕೈ ಬೇಕಾದವು. ಅಳುತ್ತಿದ್ದ ಅವನು. ಹೆಂಡತಿಯ ಮಣ್ಣಿಗೆ ಹೋದಾಗಲೂ ಅಳದವನು.

ಆಗ ನೋಕಿ ಗಾಯದ ಬಾತೊಂದರ ಹಿಂದೆ ಈಜಿತು. ದಡದಿಂದ ಸಮುಲಿ ಬಾತನ್ನು ಕಂಡ, ನಾಯಿಯನ್ನಾಗಲಿ ಜೊಂಡಿನ ಮರೆಯಲ್ಲಿದ್ದ ನಮ್ಮನ್ನಾಗಲಿ ಕಾಣಲಿಲ್ಲ. ನೀರಿನ ಮೇಲೆ ಅಡ್ಡಲಾಗಿ ಹೊಡೆದ. ನೀರು ಸಾಲಾಗಿ ಚಿಮ್ಮಿದ್ದನ್ನು ನಾನು ನೋಡಿದೆ, ಆರ್ಮಾಸ್ ಎರಡೂ ಕೈ ಮುಖಕ್ಕೆ ಒತ್ತಿಕೊಂಡು ಕುಸಿದದ್ದನ್ನೂ ನೋಡಿದೆ. ಬೆರಳ ಸಂದಿಯಿಂದ ರಕ್ತವೂ, ರಕ್ತವಲ್ಲದ್ದೂ ಇಳಿಯಿತು. ನಾನು ಅವನ ದೋಣಿಗೆ ಹಾರಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

“ಅಕ್ಕಾ, ನೋಕಿಗೇನಾಯ್ತು?” ಎಂದ. ಅದೇ ಅವನ ಮೊದಲ ಮಾತು.

ನೋಕಿಗೆ ಏನೂ ಆಗಿರಲಿಲ್ಲ. ಅದು ಬಾತನ್ನು ಕಚ್ಚಿಕೊಂಡು ಈಜಿ ಬಂದು, ದೋಣಿ ಹತ್ತಿ, ತನಗೆ ಕಲಿಸಿದ ಹಾಗೆಯೇ ಅದನ್ನು ಯಜಮಾನನ ಕೈಗೆ ಕೊಡಲು ನೋಡಿತು. ಬಾತು ಇನ್ನೂ ಉಸಿರಾಡುತ್ತಿತ್ತು. ಆರ್ಮಾಸ್ ಮುಖದಿಂದ ಒಂದು ಕೈ ತೆಗೆದು, ಕುರುಡನ ಹಾಗೆ ತಡಕಾಡಿ, ಅದರ ಕತ್ತು ಹುಡುಕಿ ಮುರಿದ. ಅಷ್ಟು ಹೊತ್ತಿಗೆ ಸಮುಲಿ ಬಂದೂಕು ಎಸೆದು ಎದೆಮಟ್ಟದ ನೀರಿಗೆ ಇಳಿದು, “ನಾನ್ ನೋಡ್ಲಿಲ್ಲಜ್ಜೀ, ದೇವ್ರಾಣೆ ನೋಡ್ಲಿಲ್ಲಜ್ಜೀ” ಎನ್ನುತ್ತಾ ದೋಣಿಯನ್ನು ದಡಕ್ಕೆ ಎಳೆದ. ಆಸ್ಪತ್ರೆಗೆ ಕಾರು ಓಡಿಸಿದವನೂ ಅವನೇ.

ಈಗ ಕಾರ್ಡು ಕಿತ್ತುಕೊಂಡ ನಿಮ್ಮ ಆದೇಶಕ್ಕೆ ಬರುತ್ತೇನೆ. ಆರ್ಮಾಸ್ ಆ ಪ್ರದೇಶದ ಪರವಾನಗಿ ಇಲ್ಲದೆ ಪ್ರವೇಶಿಸಿದ ಎಂದಿದ್ದೀರಿ. ನಿಜ, ಅಲ್ಲಿ ಬೇಟೆಯಾಡುವ ಪರವಾನಗಿಯನ್ನು ನಮ್ಮ ಊರಿನ ಒಬ್ಬರೂ ಕೊಂಡಿಲ್ಲ, ಕೊಳ್ಳುವುದಕ್ಕಿಂತ ನಾಲಿಗೆ ಕಚ್ಚಿಕೊಂಡು ಸತ್ತೇವು. ಪರವಾನಗಿ ಇಲ್ಲದೆ ಹಕ್ಕಿಗಳನ್ನು ಕೊಂದ ಎಂದಿದ್ದೀರಿ. ಹಾಗಾದರೆ ಅವನು ಏನು ಮಾಡಬೇಕಿತ್ತು? ಕೊಕ್ಕಿಲ್ಲದ ಬಾತಿಗೆ ನಿಮ್ಮ ಕಚೇರಿಯ ವೇಳಾಪಟ್ಟಿ ಓದಿ ಹೇಳಬೇಕಿತ್ತೇ? ಅರ್ಧ ಕೊಂದು ಜೊಂಡಿನಲ್ಲಿ ಕೊಳೆಯಲು ಬಿಡುವುದು ಕಾನೂನುಬದ್ಧ, ಪೂರ್ತಿ ಕೊಂದು ನೋವು ಮುಗಿಸುವುದು ಅಪರಾಧ, ಇದೇ ತಾನೇ ನಿಮ್ಮ ತೀರ್ಪು? ಸಂರಕ್ಷಿತ ಹಂಸವೊಂದರ ಕತ್ತು ಮುರಿದದ್ದನ್ನು ಬೇರೆಯಾಗಿಯೇ ನಮೂದಿಸಿದ್ದೀರಿ. ಆ ಕತ್ತಿನಲ್ಲಿದ್ದ ಚರೆಗಳು ನಿಮ್ಮ ಕಣ್ಣಿಗೆ ಬೀಳಲೇ ಇಲ್ಲ. ಕೊನೆಗೆ, ‘ಕಾನೂನುಬದ್ಧ ಬೇಟೆಗೆ ಅಡ್ಡಿ’ ಎಂಬ ಮಾತು. ಚರೆಗೆ ಅಡ್ಡಿಯಾದದ್ದು ಅವನ ಕಣ್ಣು, ಸ್ವಾಮಿ. ಅದಕ್ಕೆ ಅವನು ಕ್ಷಮೆ ಕೇಳಬೇಕೇ? ನನಗೆ ನಿಮ್ಮ ಮೇಲೆ ಕೋಪವಿದೆ ಎಂದು ಬರೆದರೆ ಸಭ್ಯತೆಯಾಗುತ್ತದೆ. ಅಷ್ಟು ಸಭ್ಯಳಲ್ಲ ನಾನು, ಅಸಹ್ಯವಿದೆ.

ಸಮುಲಿ ಅಕ್ಟೋಬರಿನಲ್ಲಿ ಏಲಕ್ಕಿ ಬನ್ನು ಹಿಡಿದುಕೊಂಡು ಆರ್ಮಾಸ್‌ನ ಮನೆಗೆ ಬಂದ. ಬಂದೂಕು ಮಾರಿಬಿಟ್ಟೆ ಎಂದ. ಕಾಫಿ ಕಪ್ಪಿನೊಳಗೇ ನೋಡುತ್ತಾ, “ಅಷ್ಟೊಂದು ಹಕ್ಕಿ ಮತ್ ಮತ್ತೆ ಅಲ್ಲಿಗೇ ಯಾಕ್ ಬರ್ತಿದ್ವು? ರಾತ್ರಿ ಎಲ್ಲ ಅದೇ ಕನಸು ನಂಗೆ” ಎಂದು ಕೇಳಿದ.

“ನಾವೇ ಕಣಪ್ಪಾ ಕಳ್ಸಿದ್ದು” ಎಂದ ಆರ್ಮಾಸ್. “ಇಲ್ಲಿದ್ರೆ ಏನೂ ಆಗಲ್ಲ ಅಂತ ನಾವೇ ಹೇಳ್ಕೊಟ್ಟಿದ್ದು.” ಆಮೇಲೆ ಸಮುಲಿಯ ಬೆನ್ನು ತಟ್ಟಿ, “ತಿನ್ನು, ಬನ್ನು ಚೆನ್ನಾಗಿದೆ” ಎಂದ.

ನಿಮ್ಮ ನಾಲ್ಕು ಪರವಾನಗಿದಾರರಲ್ಲಿ ಒಬ್ಬನಿಗಾದರೂ ನಿದ್ದೆ ಕೆಟ್ಟಿದೆ. ನಿಮಗೆ?

ನಾವು ಕೇಳುವುದು ಹೆಚ್ಚೇನಿಲ್ಲ. ಬೇಟೆ ನಿಲ್ಲಿಸಿ ಎನ್ನುತ್ತಿಲ್ಲ. ನಿಮ್ಮ ನಕ್ಷೆಯಲ್ಲಿ ಆ ಮೂಲೆಯ ಹಸಿರನ್ನು ಅಳಿಸಿ, ಅಲ್ಲಿ ಎಂದಿಗೂ ಗುಂಡು ಹಾರಿಸಬಾರದೆಂದು ಆದೇಶ ಹೊರಡಿಸಿ. ಉಳಿದ ನೀರಿನಲ್ಲೂ ನಾಯಿ ಇಲ್ಲದವನಿಗೆ ಪರವಾನಗಿ ಕೊಡಬೇಡಿ. ಆರ್ಮಾಸ್‌ನ ಕಾರ್ಡನ್ನು ಹಿಂದಿರುಗಿಸಿ, ಅವನು ಮತ್ತೆ ಬಂದೂಕು ಹಿಡಿಯುತ್ತಾನೋ ಬಿಡುತ್ತಾನೋ ಅದು ಅವನಿಗೆ ಬಿಟ್ಟದ್ದು. ಇವೆಲ್ಲ ಸರೋವರದ ಮೇಲಿನ ಮಂಜುಗಡ್ಡೆ ಒಡೆಯುವುದರೊಳಗೆ ಆಗಬೇಕು. ಏಕೆಂದರೆ ಮಂಜುಗಡ್ಡೆ ಒಡೆದ ದಿನವೇ ಬಾತುಗಳು ಹಿಂದಿರುಗುತ್ತವೆ, ಬದುಕುಳಿದವು ಆ ಮೂಲೆಗೇ ಬರುತ್ತವೆ.

ಆಗದಿದ್ದರೆ ನಾವು ಏನು ಮಾಡುತ್ತೇವೆಂಬುದನ್ನೂ ಈಗಲೇ ತಿಳಿಸುತ್ತೇನೆ, ಆಮೇಲೆ ಗೊತ್ತಿರಲಿಲ್ಲ ಎನ್ನಬೇಡಿ. ಮೊನ್ನೆ ನಮ್ಮ ಬೇಟೆ ಸಂಘದ ಗುಡಿಸಲಿನಲ್ಲಿ ಸಭೆ ಸೇರಿದ್ದೆವು. ಕಾವಲು ನಿಲ್ಲೋಣ ಎಂದರು ಒಬ್ಬರು, ನ್ಯಾಯಾಲಯಕ್ಕೆ ಹೋಗೋಣ ಎಂದರು ಇನ್ನೊಬ್ಬರು. ಆರ್ಮಾಸ್ ಒಲೆಯ ಪಕ್ಕದಿಂದ ಎದ್ದು ನಿಂತ. “ಆಗಸ್ಟೊಳಗೆ ಅದ್ಯಾವುದೂ ಆಗಲ್ಲ. ಆ ಬಾತುಗಳನ್ನ ನಾವೇ ಓಡಿಸ್ಬೇಕು. ಹೊಡೆಯೋರು ಬರೋಕೆ ಮುಂಚೆ ನಾವೇ ಹೆದರಿಸಿ ಓಡಿಸ್ಬೇಕು.” ಆಮೇಲೆ ಒಬ್ಬೊಬ್ಬರಾಗಿ ಕೈಯೆತ್ತಿದೆವು.

ಹಾಗಾಗಿ ವಸಂತದಲ್ಲಿ ನಾವು ಸದ್ದಿಲ್ಲದ ಮೂಲೆಗೆ ತಗಡು ಬಡಿಯುತ್ತಾ ಹೋಗುತ್ತೇವೆ. ನಾಯಿಗಳನ್ನು ನೀರಿಗೆ ಬಿಡುತ್ತೇವೆ. ಗೂಡು ಕಟ್ಟಿದರೆ ಗೂಡು ಕೀಳುತ್ತೇವೆ, ಮೊಟ್ಟೆಯಿಟ್ಟರೆ ಮೊಟ್ಟೆ ಒಡೆಯುತ್ತೇವೆ. ಆ ನೀರನ್ನು ಕಂಡರೆ ಬಾತಿಗೆ ಜೀವ ಹೋಗುವಷ್ಟು ಭಯ ಹುಟ್ಟುವವರೆಗೆ ಬಿಡುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗೆ ತೊಂದರೆ ಕೊಡುವುದು ಅಪರಾಧವೆಂದು ನನಗೆ ಗೊತ್ತು. ಈ ಸಲ ನಿಮ್ಮ ಕಾನೂನು ಸರಿಯಾಗಿಯೇ ಇದೆ. ಆರೋಪಿಗಳ ಪಟ್ಟಿಯಲ್ಲಿ ನನ್ನ ಹೆಸರನ್ನು ಮೊದಲು ಬರೆಯಿರಿ.

ಸಭೆ ಮುಗಿಸಿ ಮನೆಗೆ ನಡೆಯುವಾಗ ನಾನು ಅವನಿಗೆ ಹೇಳಿದೆ, “ನೀನು ಬರಬೇಡ್ವೋ. ನಿನ್ನ ಕೈಲಿ ಆಗಲ್ಲ ಅದು. ದಡದಲ್ಲಿ ಕೂತಿರು, ನಾವು ನೋಡ್ಕೋತೀವಿ.”

ಆರ್ಮಾಸ್ ಹಿಮದಲ್ಲಿ ನಿಂತು ಉಳಿದ ಕಣ್ಣಿನಿಂದ ನನ್ನನ್ನು ನೋಡಿದ. “ನೀವು ಎಷ್ಟು ಬಡಿದ್ರೂ ಅವು ನನ್ನ ದೋಣಿ ಪಕ್ಕಕ್ಕೇ ಬಂದು ನಿಲ್ತಾವೆ ಅಕ್ಕಾ. ಮೊದ್ಲು ನನ್ನ ಕಂಡ್ರೆ ಹೆದರೋ ಹಾಗೆ ಮಾಡ್ಬೇಕು. ಅದನ್ನ ನಾನೇ ಮಾಡ್ಬೇಕು.”

ಇಂತಿ,
ತಾನೇ ಸಾಕಿದ ನಂಬಿಕೆಯ ಕತ್ತು ಮುರಿಯಬೇಕೋ ಬೇಡವೋ ಎಂದು ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುವ,
ಸಿಲ್ವಿ ಕೊಂತುರಿ
ಕೈಸ್ಲಾ ಸರೋವರದ ತೆಂಕಣ ದಡ